ಮಾರ್ಟ್‌ಗೇಜ್ ನೋಟ್ ಕೊಳ್ಳೋಕೆ ಕೂಟದವರ ಹತ್ತಿರ ದುಡ್ಡು ಕೇಳಬಹುದಾ?

ಪ್ಲೇನೋ ಅಮ್ಮ: ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಓಹಾಯೋದಲ್ಲಿ ಒಂದು ಮನೆಯ ಮಾರ್ಟ್‌ಗೇಜ್ ನೋಟ್ ಕೊಂಡಿದ್ದಾರೆ. ಅಂದರೆ ಆ ಮನೆಯ ಮೇಲಿನ ಸಾಲದ ಪತ್ರ, ಇನ್ನು ಸಾಲಗಾರನ ಕಂತು ಇವರಿಗೆ. ಸಾಲದ ಬಾಕಿ 60,000 ಡಾಲರ್, ಬಡ್ಡಿ 7%, ಇನ್ನು 15 ವರ್ಷ ಇದೆ. ಇವರಿಗೆ 45,000ಕ್ಕೆ ಸಿಕ್ಕಿತು. ತಿಂಗಳಿಗೆ 539 ಡಾಲರ್ ಬರುತ್ತಿದೆ. ಈಗ ಇನ್ನಷ್ಟು ಕೊಳ್ಳುವ ಆಸೆ, ಕೈಯಲ್ಲಿ ದುಡ್ಡಿಲ್ಲ. ಕನ್ನಡ ಕೂಟದ ವಾಟ್ಸಾಪ್‌ನಲ್ಲಿ "12% ಗ್ಯಾರಂಟಿ" ಅಂತ ಹಾಕುತ್ತೇನೆ ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ. ಮಗಳು ಅದೇ ಕೂಟದ ಕನ್ನಡ ತರಗತಿಗೆ ಹೋಗುತ್ತಾಳೆ. ಹೆಚ್ಚುಕಮ್ಮಿ ಆದರೆ ಅಲ್ಲಿ ಮುಖ ತೋರಿಸುವುದು ಹೇಗೆ? ಸರಿಯಾದ ದಾರಿ ಯಾವುದು?

ಎಡಿಸನ್ ಅಕ್ಕ: ನಮ್ಮ ನ್ಯೂಜೆರ್ಸಿಯಲ್ಲಾಗಲಿ ಓಹಾಯೋದಲ್ಲಾಗಲಿ, ಸಾಲಗಾರ ಕಂತು ನಿಲ್ಲಿಸಿದರೆ ಕೋರ್ಟಿಗೇ ಹೋಗಬೇಕು. ನಿಮ್ಮ ಟೆಕ್ಸಾಸ್‌ನ ಹಾಗೆ ಬೇಗ ಮುಗಿಯಲ್ಲ. ಆ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಾಕಿ ಇದೆಯಾ ನೋಡಿದ್ದೀರಾ? ವಸೂಲಿಯಲ್ಲಿ ಅದು ಮಾರ್ಟ್‌ಗೇಜ್‌ಗಿಂತ ಮುಂದೆ ನಿಲ್ಲುತ್ತದೆ.

ಶಿಕಾಗೋ: ಮೊದಲು ಆ ವಾಟ್ಸಾಪ್ ಪೋಸ್ಟ್ ನಿಲ್ಲಿಸಿ. "ಗ್ಯಾರಂಟಿ" ಅನ್ನೋ ಪದವಂತೂ ಬೇಡವೇ ಬೇಡ. ಹತ್ತು ಜನರ ದುಡ್ಡು ಕೂಡಿಸಿ ನೀವು ನಡೆಸಿದರೆ ಅದು ಸೆಕ್ಯುರಿಟಿ, ಅಂದರೆ ಷೇರಿನಂತೆ ಕಾನೂನಿಗೆ ಒಳಪಟ್ಟ ಹೂಡಿಕೆ. ಅದಕ್ಕೆ ಎಸ್‌ಇಸಿ (ಅಮೆರಿಕದ ಹೂಡಿಕೆ ನಿಯಂತ್ರಣ ಸಂಸ್ಥೆ) ನಿಯಮ ಬರುತ್ತದೆ. ರೂಲ್ 506(ಬಿ) ಪ್ರಕಾರ ಮೊದಲೇ ಚೆನ್ನಾಗಿ ಗೊತ್ತಿದ್ದವರನ್ನು ಕೇಳಬಹುದು, ಜಾಹೀರಾತು ಕೂಡದು. ಜಾಹೀರಾತು ಬೇಕೆಂದರೆ 506(ಸಿ). ಅದರಲ್ಲಿ ಎಲ್ಲರೂ ಅಕ್ರೆಡಿಟೆಡ್ ಆಗಿರಬೇಕು, ನೀವು ಅದನ್ನು ಪರಿಶೀಲಿಸಿರಬೇಕು. ಅಕ್ರೆಡಿಟೆಡ್ ಅಂದರೆ ಒಬ್ಬರ ವರ್ಷದ ಆದಾಯ 2 ಲಕ್ಷ ಡಾಲರ್‌ಗಿಂತ ಹೆಚ್ಚು, ದಂಪತಿಗಾದರೆ 3 ಲಕ್ಷಕ್ಕಿಂತ ಹೆಚ್ಚು, ಇಲ್ಲವೇ ವಾಸದ ಮನೆ ಬಿಟ್ಟು, ಸಾಲ ಕಳೆದು 10 ಲಕ್ಷಕ್ಕಿಂತ ಹೆಚ್ಚಿನ ಆಸ್ತಿ. ಎರಡರಲ್ಲೂ ಮೊದಲ ಹೂಡಿಕೆದಾರರು ಒಪ್ಪಂದಕ್ಕೆ ಬದ್ಧರಾದ 15 ದಿನದೊಳಗೆ ಎಸ್‌ಇಸಿಗೆ ಫಾರ್ಮ್ ಡಿ ಅನ್ನೋ ಮಾಹಿತಿ ಪತ್ರ ಹಾಕಬೇಕು.

ನಾನಾದರೆ ಒಂದು ನೋಟಿಗೆ ಒಬ್ಬರನ್ನೇ ಹುಡುಕುತ್ತೇನೆ. ಪಾರ್ಶಿಯಲ್ ಮಾರಾಟ ಅಂತ ಇದೆ, ಅಂದರೆ ನೋಟಿನ ಕೆಲವು ಕಂತು ಮಾತ್ರ ಮಾರುವುದು. ಅವರು 25,000 ಕೊಡುತ್ತಾರೆ, ಮುಂದಿನ 60 ಕಂತು ಅವರಿಗೆ. ಒಟ್ಟು 32,340 ಸಿಗುತ್ತದೆ. ಉಳಿದ 120 ಕಂತು ನಿಮ್ಮದು. ಅವರ ಹಕ್ಕನ್ನು ಕೌಂಟಿ ಕಚೇರಿಯಲ್ಲಿ ದಾಖಲಿಸಿ. ಕಂತು ವಸೂಲಿ ಮಾತ್ರ ಲೈಸೆನ್ಸ್ ಇರುವ ಸರ್ವಿಸರ್ (ಕಂತು ವಸೂಲಿ ಕಂಪನಿ) ಕೈಯಲ್ಲಿರಲಿ. ಹಳೆ ಕಂಪನಿಯ 401(ಕೆ) ನಿವೃತ್ತಿ ಖಾತೆಯ ದುಡ್ಡು ಸುಮ್ನೆ ಕೂತಿರುವವರು ಅದನ್ನು ಸೆಲ್ಫ್-ಡೈರೆಕ್ಟೆಡ್ ಐಆರ್‌ಎಗೆ (ಹೂಡಿಕೆ ತಾವೇ ಆರಿಸುವ ಸ್ವಂತ ನಿವೃತ್ತಿ ಖಾತೆ) ತಂದು ಇದಕ್ಕೆ ಹಾಕಬಹುದು. ನಿಮ್ಮ ಅಪ್ಪ-ಅಮ್ಮ, ಮಕ್ಕಳ ಐಆರ್‌ಎ ಮಾತ್ರ ಮುಟ್ಟಬೇಡಿ. ಇನ್ನು ಎಚ್-1ಬಿಯಲ್ಲಿ ಸ್ವಂತ ಹೂಡಿಕೆ ಬೇರೆ, ಬೇರೆಯವರ ದುಡ್ಡು ನಡೆಸಿ ಫೀ ತಗೊಳ್ಳುವುದು ಬೇರೆ. ವೀಸಾ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಫ್ರೀಮಾಂಟ್ ಅಂಕಲ್: ಇಷ್ಟುದ್ದ ಯಾಕ್ರೀ? ಕೂಟದೊಳಗೆ ದುಡ್ಡಿನ ವ್ಯವಹಾರ ಬೇಡ ಅಂದರೆ ಬೇಡ! ನಾವೆಲ್ಲ ಎರಡು ಸೂಟ್‌ಕೇಸ್ ಹಿಡಿದು ಬಂದವರು. ಒಬ್ಬರ ಹತ್ತಿರ ಒಂದು ಡಾಲರ್ ಕೇಳಲಿಲ್ಲ. ನನ್ನ ಮಗ ಇವತ್ತು ಡಾಕ್ಟರ್. ಮಕ್ಕಳ ಓದಿಗೆ 529 ಉಳಿತಾಯ ಖಾತೆ ಮಾಡಿಸಿ, ಮಿಕ್ಕಿದ್ದರಲ್ಲಿ ಮೈಸೂರಲ್ಲಿ ಸೈಟ್ ತಗೊಳ್ಳಿ. ಯಾರದೋ ಸಾಲ ಕೊಂಡು ಬಡ್ಡಿ ತಿನ್ನುವುದು ನಮ್ಮ ಸಂಸ್ಕಾರ ಅಲ್ಲ.

ಆಸ್ಟಿನ್: ಅಂಕಲ್, ಬಡ್ಡಿ ತಿನ್ನದ ಬ್ಯಾಂಕ್ ಯಾವುದು? ನಿಮ್ಮ ಎಫ್‌ಡಿಗೆ ಬರುವುದು ಪ್ರಸಾದನಾ?

ರಾಲೀ ತಮ್ಮ: ಸೈಟಾ? ನಮ್ಮ ಸೈಟಿಗೆ ಯಾರೋ ಬೇಲಿ ಹಾಕಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಓಡಾಡುವವರೇ ಇಲ್ಲ. ಆಗಲೇ ಮಾರಿ ವಾಪಸ್ ಹೋಗಿಬಿಟ್ಟಿದ್ದರೆ ಮಕ್ಕಳಾದರೂ ಅಜ್ಜಿ ಜೊತೆ ಬೆಳೆಯುತ್ತಿದ್ದರು.

ಫ್ರೀಮಾಂಟ್ ಅಂಕಲ್: ಕಾಂಪೌಂಡ್ ಕಟ್ಟಿಸಬೇಕಿತ್ತು. ಖಾತಾ ಯಾರ ಹೆಸರಲ್ಲಿದೆ?

ಎಡಿಸನ್ ಅಕ್ಕ: ವಾಪಸ್ ಹೋದವರೂ ಅಲ್ಲಿ ಮಕ್ಕಳನ್ನು ಇಂಟರ್‌ನ್ಯಾಷನಲ್ ಸ್ಕೂಲಿಗೇ ಹಾಕುತ್ತಾರೆ. ಆ ಮಕ್ಕಳ ಕನ್ನಡ ನಮ್ಮ ಮಕ್ಕಳದಕ್ಕಿಂತ ಕಡೆ.

ಪ್ಲೇನೋ ಅಮ್ಮ: ಸೈಟಿನ ಮಾತು ಆಮೇಲೆ ಆಡೋಣ, ಪ್ಲೀಸ್. ಆ ಪಾರ್ಶಿಯಲ್ ಕಾಗದ ಬರೆಸುವುದು ಯಾರ ಹತ್ತಿರ? ನಡುವೆ ಸಾಲಗಾರ ಪೂರ್ತಿ ತೀರಿಸಿಬಿಟ್ಟರೆ?

ಫ್ರೀಮಾಂಟ್ ಅಂಕಲ್: ವಕೀಲರಿಗೆ ಸುರಿಯುವ ದುಡ್ಡಲ್ಲಿ ಸೈಟಿನ ಅಡ್ವಾನ್ಸ್ ಆಗುತ್ತದಮ್ಮ.

ಶಿಕಾಗೋ: ಸೆಕ್ಯುರಿಟೀಸ್ ಗೊತ್ತಿರುವ ವಕೀಲರ ಹತ್ತಿರ. ಇದು ಕೂಡ ಸೆಕ್ಯುರಿಟಿ ಆಗಬಹುದು, ಅದನ್ನೂ ಅವರೇ ನೋಡಲಿ. ನಡುವೆ ಸಾಲ ತೀರಿದರೆ ಹೂಡಿಕೆದಾರರಿಗೆ ಎಷ್ಟು, ನಿಮಗೆ ಎಷ್ಟು ಅನ್ನುವುದು ಒಪ್ಪಂದದಲ್ಲೇ ಇರಬೇಕು. ಕಂತು ನಿಂತರೆ ಕೋರ್ಟ್ ಖರ್ಚು ಯಾರದು ಅನ್ನುವುದೂ ಬರೆಸಿ. ಮೂಲ ನೋಟ್ ನಿಮ್ಮ ಮನೆಯವರ ಕೈಯಲ್ಲಿದೆಯಾ, ಬರೀ ಜೆರಾಕ್ಸಾ?