ಸೀಗಡಿಯ ಬಾಲ ಹಾಲಿನ ಹಾಗೆ ಬೆಳ್ಳಗಾಗಿದೆ, ಔಷಧಿ ಹಾಕಲಾ?

ಬೆಂಗಳೂರಿನ ಮನೆಯಲ್ಲಿ ಸಣ್ಣ ಟ್ಯಾಂಕ್ ಇದೆ, ನಲವತ್ತರಷ್ಟು ಚೆರ್ರಿ ಸೀಗಡಿ ಸಾಕಿದ್ದೇನೆ. ಎರಡು ವಾರದಿಂದ ಮೂರರ ಬಾಲ ಬೆಳ್ಳಗಾಗಿದೆ, ಇನ್ನೊಂದರ ಮೂತಿ ಮೇಲೆ ಹತ್ತಿಯಂಥದ್ದೇನೋ ಅಂಟಿದೆ. ಅಂಗಡಿಯವರು ಮೀನಿನ ಔಷಧಿ ಹಾಕಿ ಅಂತಾರೆ. ಸಾಕಿ ಗೊತ್ತಿರುವವರು ಹೇಳಿ.

– ದಯವಿಟ್ಟು ಹಾಕಬೇಡಿ. ಮೀನಿನ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ, ಮೀನು ತಡೆದುಕೊಂಡರೂ ಸೀಗಡಿ ಸಾಯುತ್ತದೆ. ನಾನು ಹಾಗೇ ಒಂದಿಡೀ ಟ್ಯಾಂಕ್ ಕಳೆದುಕೊಂಡೆ, ಇವತ್ತಿಗೂ ಸಂಕಟವಾಗುತ್ತದೆ. ಮೂತಿಯ ಹತ್ತಿ ವೋರ್ಟಿಸೆಲ್ಲಾ ಇರಬಹುದು. ಒಂದೇ ಕೋಶದ ಜೀವಿ, ಗಂಟೆಯಂಥ ತಲೆ, ಸ್ಪ್ರಿಂಗಿನಂಥ ತೊಟ್ಟು. ಅದು ಮಾಂಸ ತಿನ್ನುವುದಿಲ್ಲ, ಮೈಮೇಲೆ ಕೂತು ನೀರಿನ ಬ್ಯಾಕ್ಟೀರಿಯಾ ತಿನ್ನುತ್ತದೆ, ಹಾಗಾಗಿ ಅದು ಜಾಸ್ತಿಯಾದರೆ ಮೊದಲು ಊಟ ಕಡಿಮೆ ಮಾಡಿ, ನೀರು ಬದಲಿಸಿ. ನಾನು ಒಂದು ಕಪ್ ಟ್ಯಾಂಕ್ ನೀರಿಗೆ ಒಂದು ದೊಡ್ಡ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ಸೀಗಡಿಯನ್ನು ಅರ್ಧ ನಿಮಿಷ ಅದರಲ್ಲಿಟ್ಟು ತೆಗೆದೆ. ಉಳಿದಿದ್ದು ಪೊರೆ ಕಳಚಿದಾಗ ಹೋಯಿತು. ಆ ಪೊರೆಯನ್ನು ಮಾತ್ರ ಹೊರಗೆ ತೆಗೆದುಬಿಡಿ.

– ನನಗೆ ಭಯ ಆಗಿದ್ದು ಬಾಲದ ಸುದ್ದಿ ಓದಿ. ಗಾಜಿನ ಲೋಟಕ್ಕೆ ಹಾಕಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಬಿಳುಪು ಚಿಪ್ಪಿನ ಕೆಳಗೆ, ಮಾಂಸದೊಳಗೇ ಇದ್ದು, ಬೇಯಿಸಿದ ಸೀಗಡಿ ಹಾಗೆ ಬೆಳಕು ದಾಟದಿದ್ದರೆ ಮೈಕ್ರೋಸ್ಪೊರಿಡಿಯಾ ಅನ್ನೋ, ಕೋಶದೊಳಗೆ ಬೆಳೆಯುವ ಸೂಕ್ಷ್ಮ ಪರಾವಲಂಬಿ ಇರಬಹುದು. ಆದರೆ ಒಂದೇ ದಿನದಲ್ಲಿ ಹತ್ತಾರು ಬೆಳ್ಳಗಾದರೆ ಮೊದಲು ಅಮೋನಿಯಾ, ಬಿಸಿ, ಆಮ್ಲಜನಕ ನೋಡಿ, ಅವುಗಳಿಂದಲೂ ಮಾಂಸ ಹಾಗಾಗುತ್ತದೆ. ಪರಾವಲಂಬಿ ಹಾಗಲ್ಲ, ಒಂದೊಂದಾಗಿ ನಿಧಾನಕ್ಕೆ ಹಿಡಿಯುತ್ತದೆ. ಅದರ ಬೀಜಕಣದೊಳಗೆ ಸುರುಳಿ ಸುತ್ತಿದ ಕೊಳವೆ ಇದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹೊರಗೆ ಚಿಮ್ಮಿ ಸೀಗಡಿಯ ಕೋಶಕ್ಕೆ ಚುಚ್ಚಿ ಒಳಗಿನದನ್ನೆಲ್ಲ ಅಲ್ಲಿಗೆ ಸುರಿಯುತ್ತದೆ. ನಂಬುವಂಥ ಔಷಧಿ ಇಲ್ಲ. ಸತ್ತದ್ದನ್ನು ಉಳಿದವು ತಿನ್ನುತ್ತವಲ್ವಾ, ಅಲ್ಲಿಂದಲೇ ಹರಡುವುದು. ನಾನು ಬೆಳ್ಳಗಾದವನ್ನೆಲ್ಲ ಬೇರೆ ಡಬ್ಬಕ್ಕೆ ಹಾಕಿದೆ, ಬೆಳಿಗ್ಗೆ ಸಂಜೆ ಹುಡುಕಿ ಹೆಣ ತೆಗೆದೆ. ಹನ್ನೊಂದು ಸತ್ತವು, ಉಳಿದವು ಈಗ ಮರಿ ಹಾಕಿವೆ.

– ನಮ್ಮದು ಶಿಡ್ಲಘಟ್ಟದ ಕಡೆ ರೇಷ್ಮೆ ಮನೆ. ಹುಳುವಿಗೆ ಬರುವ ಗಂಟು ರೋಗವೂ ಇದೇ ಜಾತಿಯದು. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುತ್ತಾರೆ. 1860ರ ದಶಕದಲ್ಲಿ ಲೂಯಿ ಪ್ಯಾಶ್ಚರ್ ಫ್ರಾನ್ಸಿನಲ್ಲಿ ತೋರಿಸಿಕೊಟ್ಟ ದಾರಿ ಅದು. ಅದಕ್ಕೇ ಹೇಳ್ತಿದ್ದೇನೆ, ಬಾಲ ಬೆಳ್ಳಗಿರುವ ಹೆಣ್ಣು ಮೊಟ್ಟೆ ಹೊತ್ತಿದ್ದರೂ ಮರಿ ಮಾಡಿಸಬೇಡಿ, ಯಾರಿಗೂ ಕೊಡಬೇಡಿ. ಕೆರೆಗೆ ಬಿಡುವುದಂತೂ ಬೇಡವೇ ಬೇಡ, ಅಲ್ಲಿನ ಸೀಗಡಿಗಳಿಗೂ ಅಂಟೀತು. ಬಲೆ ಕೂಡ ಈ ಟ್ಯಾಂಕಿಗೇ ಬೇರೆ ಇಡಿ.

– ಕೇಳಿದವಳು ನಾನೇ. ಟಾರ್ಚ್ ಬಿಟ್ಟು ನೋಡಿದೆ. ಎರಡರಲ್ಲಿ ಬೆಳಕು ದಾಟಲೇ ಇಲ್ಲ, ಮೂರನೆಯದು ರಾತ್ರಿ ಪೊರೆ ಬಿಟ್ಟು ಮತ್ತೆ ಕೆಂಪಾಗಿ ಓಡಾಡುತ್ತಿದೆ. ಆ ಎರಡನ್ನು ಬೇರೆ ಇಟ್ಟಿದ್ದೇನೆ. ಔಷಧಿ ಬಾಟಲಿ ತೆರೆಯಲಿಲ್ಲ.