ಪೋಸ್ಟ್‌ಡಾಕ್‌ಗೆ ನೊಣ ಬಿಟ್ಟು ಚಿಟ್ಟೆ ಹಿಡಿಯಬಹುದಾ?

ಗದಗಿನ ಹುಡುಗಿ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪಿಎಚ್‌ಡಿ ಥೀಸಿಸ್ ಕೊಟ್ಟು ಎರಡು ತಿಂಗಳಾಯಿತು. ಐದು ವರ್ಷ ಹಣ್ಣಿನ ನೊಣದ ರೆಕ್ಕೆ ಮೇಲೇ ಕೆಲಸ. ಈಗ ಮನಸ್ಸೆಲ್ಲ ಒಂದು ಚಿಟ್ಟೆ ಮೇಲಿದೆ. ನಮ್ಮ ಹೊಲದ ಬದುವಿನಲ್ಲಿ ಮುಸ್ಸಂಜೆಗೆ ಹಾರುವ ಕಂದು ಚಿಟ್ಟೆ, ಮೆಲಾನೈಟಿಸ್ ಲೀಡಾ. ಮಳೆಗಾಲದ ಚಿಟ್ಟೆಗೆ ರೆಕ್ಕೆಯ ಅಡಿಭಾಗದಲ್ಲಿ ಕಣ್ಣಿನಂಥ ಚುಕ್ಕೆಗಳು ಎದ್ದು ಕಾಣುತ್ತವೆ, ಮಳೆಯಿಲ್ಲದ ಕಾಲದ್ದು ಥೇಟ್ ಒಣಗಿದ ಎಲೆ. ಜೀನ್‌ಗಳು ಅವೇ, ರೂಪ ಮಾತ್ರ ಬೇರೆ. ಹೇಗೆ? ಆದರೆ ನಾನು ಚಿಟ್ಟೆ ಸಾಕಿದವಳಲ್ಲ. ನೊಣದ ಮೇಲೆ ಕೆಲಸ ಮಾಡುವ ದೊಡ್ಡ ಲ್ಯಾಬ್ ಒಂದರಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆಯ ಕೆಲಸ, ಸಿಗುವ ಹಾಗಿದೆ, ಗೈಡ್ ಕೂಡ ಗೊತ್ತಿದ್ದುದನ್ನೇ ಹಿಡಿ ಎನ್ನುತ್ತಾರೆ. ಅವ್ವನಿಗೆ ಇನ್ನೂ ಎಷ್ಟು ಓದು ಅನ್ನೋ ಚಿಂತೆ. ಏನು ಮಾಡಲಿ?

ಸಾಧನಕೇರಿ:
ತಂಗಿ, ಚಿಟ್ಟೆಗೇ ಹೋಗು. ನೊಣದ ಐದು ವರ್ಷ ಎಲ್ಲೂ ಹೋಗಲ್ಲ. ನೊಣದಲ್ಲಿ ಕಾಲಿನ ತುದಿ ಬೆಳೆಸುವ ಡಿಸ್ಟಲ್‌ಲೆಸ್ ಜೀನ್, ಚಿಟ್ಟೆಯಲ್ಲಿ ಕಣ್ಣಿನ ಚುಕ್ಕೆ ಮೂಡುವ ಜಾಗದ ನಡುವೆಯೂ ಕೆಲಸ ಮಾಡುತ್ತದೆ ಅಂತ 1994ರಲ್ಲೇ ಕಂಡಿದ್ದು. ಹಳೇ ಜೀನ್, ಹೊಸ ಕೆಲಸ. ಅದು ಎಲ್ಲಿ, ಯಾವಾಗ ಹೊತ್ತಿಕೊಳ್ಳಬೇಕು ಅಂತ ಹೇಳುವ ಡಿಎನ್‌ಎ ತುಣುಕು, ಅಂದರೆ ಎನ್‌ಹಾನ್ಸರ್, ಅದರ ಮೇಲೆ ರೆಕ್ಕೆ ಗೊತ್ತಿರುವವರು ಚೆನ್ನಾಗಿ ಕೆಲಸ ಮಾಡಬಹುದು. ನಮ್ಮ ದೇಶದಲ್ಲೂ ಇಂಥ ಕೆಲಸ ನಡೆದಿದೆ. ನೊಣದ ಹಿಂದಿನ ರೆಕ್ಕೆ ಪುಟ್ಟ ಗುಂಡಿಯಂಥ ಹಾಲ್ಟೀರ್ ಆಗೋದು ಅಲ್ಟ್ರಾಬೈಥೊರಾಕ್ಸ್ ಜೀನ್‌ನಿಂದ. ಅದು ಹೇಗೆ ಅಂತ ಎಲ್. ಎಸ್. ಶಶಿಧರ ಅವರ ಗುಂಪು ಹೈದರಾಬಾದಿನ ಸಿಸಿಎಂಬಿ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ವರ್ಷಗಟ್ಟಲೆ ಹುಡುಕಿದೆ.

ತಾಳ್ಮೆ ಮಾತ್ರ ಜಾಸ್ತಿ ಬೇಕು. ನೊಣ 25 ಡಿಗ್ರಿಯಲ್ಲಿ ಹತ್ತು ದಿನಕ್ಕೆ ಹೊಸ ಪೀಳಿಗೆ ಕೊಡುತ್ತದೆ. ಚಿಟ್ಟೆಗೆ ತಿಂಗಳಾದರೂ ಬೇಕು, ನೊಣದ ಹಾಗೆ ಬೇಕಾದ ಸ್ಟಾಕ್, ಅಂದರೆ ಸಾಕಿಟ್ಟ ತಳಿ, ಕೇಳಿ ತರಿಸಿಕೊಳ್ಳೋಕೂ ಆಗಲ್ಲ.

ಉಣಕಲ್:
ಒಪ್ಪುತ್ತೇನೆ, ಆದರೆ ನೇರವಾಗಿ ಲೀಡಾ ಹಿಡಿಯಬೇಡಿ. ಮೊದಲು ಬೈಸೈಕ್ಲಸ್ ಅನಿನಾನಾ ಅನ್ನೋ ಚಿಟ್ಟೆ ಸಾಕುವ ಲ್ಯಾಬ್ ನೋಡ್ರಿ, ಸಿಂಗಪುರದಲ್ಲಿ ಆಂಟೋನಿಯಾ ಮಾಂಟೇರೊ ಅವರದಿದೆ. ಆಫ್ರಿಕಾದ ಆ ಚಿಟ್ಟೆಯ ಮರಿಯನ್ನು 27 ಡಿಗ್ರಿಯಲ್ಲಿ ಬೆಳೆಸಿದರೆ ಮಳೆಗಾಲದ ರೂಪ, 17ರಲ್ಲಿ ಮಳೆಯಿಲ್ಲದ ತಂಪು ಕಾಲದ ರೂಪ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಅಲ್ಲೇ ಕಲಿಯಬಹುದು. ಯುರೋಪಿಗೆ ಹೋಗೋದಾದರೆ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಇರಬೇಕು.

ಇನ್ನೊಂದು ಮಾತು, ನಾನು ಪೆಟ್ಟು ತಿಂದು ಕಲಿತದ್ದು. ಸೇರುವ ಮೊದಲೇ ಕೇಳಿ: ಬಿಟ್ಟು ಹೋಗುವಾಗ ಯಾವ ಕೆಲಸ ನನ್ನ ಜೊತೆ ಬರುತ್ತದೆ? ನಾನು ಕೇಳಿರಲಿಲ್ಲ. ಮೂರು ವರ್ಷ ದುಡಿದ ಪ್ರಾಜೆಕ್ಟ್ ಅಲ್ಲೇ ಉಳಿಯಿತು, ಸ್ವಂತ ಲ್ಯಾಬ್‌ಗೆ ಅರ್ಜಿ ಹಾಕುವಾಗ ನನ್ನದು ಅಂತ ತೋರಿಸೋಕೆ ಏನೂ ಇರಲಿಲ್ಲ. ಲೀಡಾ ನಿಮ್ಮದು ಅಂತ ಮೊದಲ ಇಮೇಲ್‌ನಲ್ಲೇ ಬರೆದುಬಿಡಿ.

ಗದಗಿನ ಹುಡುಗಿ:
ಇದನ್ನು ಯಾರೂ ಹೇಳಿರಲಿಲ್ಲ ಅಣ್ಣಾ. ಇವತ್ತೇ ಬರೆಯುತ್ತೇನೆ. ಅಲ್ಲಿವರೆಗೆ ಮನೆಯಲ್ಲೇ ಸಾಕಿ ನೋಡಲಾ?

ಸಾಧನಕೇರಿ:
ನೋಡು. ಲೀಡಾದ ಮರಿಹುಳ ಹುಲ್ಲು, ಭತ್ತ, ಜೋಳದ ಎಲೆ ಎಲ್ಲ ತಿನ್ನುತ್ತದೆ. ಕೀಟನಾಶಕ ಹೊಡೆಯದ ಜೋಳವನ್ನು ಕುಂಡದಲ್ಲಿ ಹಾಕು, ಎಲೆಯ ಅಡಿಗೆ ಮೊಟ್ಟೆ ಹುಡುಕು. ದಿನಾ ಉಷ್ಣತೆ ಬರೆದಿಡು.