'ಆಂಟಿ ಸ್ಲಿಪ್' ಶೀಟ್ ಹಾಕಿದರೂ ಚಾವಣಿ ಮೇಲೆ ಕಾಲು ನಿಲ್ಲುತ್ತಿಲ್ಲ, ಶೀಟ್ ಬದಲಿಸಬೇಕಾ?

ಶಿಡ್ಲಘಟ್ಟ_ತೋಟದಮನೆ:
ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ತೋಟದಲ್ಲಿ ಸಣ್ಣ ಮನೆ ಕಟ್ಟಿಸುತ್ತಿದ್ದೇನೆ. ಜಿಐ ಟ್ರಸ್ (ಚಾವಣಿ ಹೊರುವ ಕಬ್ಬಿಣದ ಚೌಕಟ್ಟು), ಅದರ ಮೇಲೆ ಪ್ಲೈವುಡ್, ಅದರ ಮೇಲೆ ಸಿಂಥೆಟಿಕ್ ಅಂಡರ್‌ಲೇಮೆಂಟ್ (ಹೆಂಚಿನಡಿ ನೀರು ತಡೆಯಲು ಹಾಸುವ ಪ್ಲಾಸ್ಟಿಕ್ ಶೀಟ್), ಕೊನೆಗೆ ಮಂಗಳೂರು ಹೆಂಚು. ಇಳಿಜಾರು 30 ಡಿಗ್ರಿ. ಶೀಟ್ ಮೇಲೆ 'ಆಂಟಿ ಸ್ಲಿಪ್' ಅಂತ ಉದ್ದಕ್ಕೂ ಅಚ್ಚಾಗಿದೆ. ಆದರೂ ಬೆಳಿಗ್ಗೆ ಹತ್ತಿದವರೆಲ್ಲ ಜಾರುತ್ತಾರೆ. ನಿನ್ನೆ ಒಬ್ಬ ಸೂರಿನ ತನಕ ಜಾರಿ ಬಂದು ಸಾರವೆ ಕಂಬ ಹಿಡಿದುಕೊಂಡಿದ್ದಕ್ಕೆ ಉಳಿದ. ಅಕ್ಷರ ಇರುವ ಬದಿ ಮೇಲಕ್ಕೇ ಇದೆ, ನೋಡಿದ್ದೇನೆ. ಅಂಗಡಿಯವರನ್ನು ಕೇಳಿದರೆ 'ಹಂಗೆಲ್ಲ ಜಾರಲ್ಲ ಸಾರ್' ಅಂತಾರೆ. ಬೇರೆ ಶೀಟ್ ತರಬೇಕಾ?

ತುಮಕೂರು_ಟ್ರಸ್‌ಕೆಲಸ:
ಮೊದಲು ಯಾರನ್ನೂ ಮೇಲೆ ಹತ್ತಿಸಬೇಡಿ. ಶೀಟಿನ ವಿಷಯ ಆಮೇಲೆ.

ಒಂದು ಪ್ರಶ್ನೆ. ಕಾಲು ಶೀಟ್ ಮೇಲೆ ಜಾರಿತಾ, ಇಲ್ಲಾ ಶೀಟೇ ಪ್ಲೈ ಮೇಲೆ ಜಾರಿತಾ? ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಪ್ಲೈ ಯಾವುದು, ಶೀಟನ್ನು ಯಾವುದರಲ್ಲಿ ಹೊಡೆದಿದ್ದಾರೆ, ಕೆಲಸದವರ ಕಾಲಲ್ಲಿ ಏನಿತ್ತು, ಇಷ್ಟನ್ನೂ ಬರೆಯಿರಿ.

ಶಿಡ್ಲಘಟ್ಟ_ತೋಟದಮನೆ:
ನೀವು ಕೇಳಿದ ಮೇಲೆ ಹೋಗಿ ನೋಡಿದೆ. ದಿನಾ ಬೆಳಿಗ್ಗೆ ಜಾರುವುದು ಕಾಲು. ಆದರೆ ನಿನ್ನೆ ಜಾರಿದ ಜಾಗದಲ್ಲಿ ಶೀಟ್ ಕೆಳಕ್ಕೆ ಬಂದು ಸೂರಿನ ಹತ್ತಿರ ಮುದುಡಿಕೊಂಡಿದೆ. ಸ್ಟೇಪಲ್ ಪಿನ್ ಹೊಡೆದ ಕಡೆ ಉದ್ದುದ್ದ ಸೀಳು ಬಿಟ್ಟಿದೆ. ಪ್ಲೈ ಎಂದರೆ ಸ್ಲ್ಯಾಬ್ ಸೆಂಟ್ರಿಂಗ್‌ಗೆ ಬಳಸಿದ್ದ ಶಟರಿಂಗ್ ಪ್ಲೈ, ಕಂದು ಬಣ್ಣದ ಹೊಳಪಿನದು. ಗಟ್ಟಿಯಾಗಿದೆ, ಸುಮ್ನೆ ಯಾಕೆ ಬಿಸಾಡೋದು ಅಂತ ಹಾಕಿಸಿದೆವು. ಕಾಲಲ್ಲಿ ಒಬ್ಬರಿಗೆ ಹವಾಯಿ ಚಪ್ಪಲಿ, ಮಿಕ್ಕವರು ಬರಿಗಾಲು.

ತುಮಕೂರು_ಟ್ರಸ್‌ಕೆಲಸ:
ನಿನ್ನೆಯದು ಇಲ್ಲೇ ಸಿಕ್ಕಿತು. ಆ ಹೊಳಪು ಕಾಂಕ್ರೀಟ್ ಅಂಟಬಾರದು ಅಂತಲೇ ಒತ್ತಿರುವ ಫಿಲ್ಮ್. ಅದರ ಮೇಲೆ ಶಟರಿಂಗ್ ಎಣ್ಣೆ ಬೇರೆ ಬಳಿದಿರುತ್ತಾರೆ. ಕಾಂಕ್ರೀಟೇ ಹಿಡಿಯದ ಹಲಗೆಯನ್ನು ನಿಮ್ಮ ಶೀಟಿನ ತಳ ಹಿಡಿಯುತ್ತಾ? ಶೀಟನ್ನು ತಡೆದಿದ್ದು ಪಿನ್ ಮಾತ್ರ. ಸ್ಟೇಪಲ್ ಪಿನ್ನಿಗೆ ತಲೆಯೇ ಇಲ್ಲ. ಒಬ್ಬ ಆಳಿನ ಭಾರ ಬಿದ್ದ ತಕ್ಷಣ ಶೀಟನ್ನು ಸೀಳುತ್ತದೆ.

ಹಾಕಿರುವ ಶೀಟನ್ನು ಪೂರ್ತಿ ಬಿಚ್ಚಿ. ಪ್ಲೈಯನ್ನು ಸೋಪ್ ನೀರಲ್ಲಿ ಉಜ್ಜಿ ಎಣ್ಣೆ ತೆಗೆದು, ಚೆನ್ನಾಗಿ ಒಣಗಿದ ಮೇಲೆ ಒರಟು ಉಪ್ಪುಕಾಗದ ಹೊಡೆದು ಹೊಳಪು ಕಳೆಯಿರಿ. ಶೀಟನ್ನು ಸೂರಿನಿಂದ ನೆತ್ತಿಯ ಕಡೆಗೆ ಹಾಸಿಕೊಂಡು ಹೋಗಿ. ಮೇಲಿನ ಸಾಲು ಕೆಳಗಿನದರ ಮೇಲೆ 4 ಇಂಚಾದರೂ ಬರಬೇಕು. ಮೊಳೆ ಹೊಡೆದರೆ ಅಗಲವಾದ ಪ್ಲಾಸ್ಟಿಕ್ ಟೋಪಿ ಇರುವ ಕ್ಯಾಪ್ ಮೊಳೆಯೇ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಮೊಳೆ ಬೀಳದ ಶೀಟ್ ಮೇಲೆ ಯಾರೂ ಕಾಲಿಡಬಾರದು. ಸೀಳು ಬಿಟ್ಟ ತುಂಡನ್ನು ಮತ್ತೆ ಬಳಸಬೇಡಿ.

ಕೋಲಾರ_ಕೈಕೆಲಸ:
ಬೆಳಗಿನ ಜಾರುವಿಕೆ ಬಗ್ಗೆ ನಾನು ಬರೆಯುತ್ತೇನೆ. ಈ ಶೀಟುಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಳೆಗಳ ನೇಯ್ಗೆ. ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ಲೇಪ, ಮೇಲ್ಬದಿಗೆ ಬಟ್ಟೆಯಂಥ ಒರಟು ಪದರ ಅಥವಾ ಉಬ್ಬು ಗೆರೆ. ಹಿಡಿತ ಕೊಡುವುದು ಆ ಒರಟು ಮಾತ್ರ. ನಿಮ್ಮ ಕಡೆ ಈಗ ಇಬ್ಬನಿ ಜಾಸ್ತಿ ಅಲ್ವಾ? ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಇಬ್ಬನಿ ಮೇಲೆಯೇ ನಿಲ್ಲುತ್ತದೆ. ಹತ್ತಿರ ಕ್ರಷರ್ ಇದ್ದರೆ ಅದರ ಧೂಳು ಒರಟಿನ ಸಂದುಗಳನ್ನು ತುಂಬುತ್ತದೆ. ಒಣಗಿದ್ದರೂ ರಾಗಿ ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ.

ಬೇರೆ ಶೀಟಿಗೆ ದುಡ್ಡು ಸುರಿಯುವ ಮೊದಲು ಅಂಗಳದಲ್ಲೇ ಪರೀಕ್ಷೆ ಮಾಡಿ. 4 ಅಡಿ ಉದ್ದದ ಹಲಗೆಗೆ ಶೀಟಿನ ತುಂಡನ್ನು ಬಿಗಿಯಾಗಿ ಹೊಡೆಯಿರಿ. ಅದರ ಮೇಲೆ ಕೆಲಸದವರ ಚಪ್ಪಲಿ ಇಟ್ಟು, ಚಪ್ಪಲಿಗೆ ಒಂದು ಇಟ್ಟಿಗೆ ಕಟ್ಟಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. 2 ಅಡಿ ಎತ್ತರಕ್ಕೆ ಬಂದರೆ ಸರಿಯಾಗಿ 30 ಡಿಗ್ರಿ, ನಿಮ್ಮ ಚಾವಣಿಯದೇ ಇಳಿಜಾರು. ಅಲ್ಲಿ ನಿಲ್ಲಬೇಕಾದರೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.58 ಆದರೂ ಬೇಕು. ಮನುಷ್ಯ ಇಟ್ಟಿಗೆಯಂತೆ ಸುಮ್ಮನೆ ಕೂರುವುದಿಲ್ಲ, ನಡೆಯುತ್ತಾನೆ, ಬಗ್ಗುತ್ತಾನೆ, ಹೆಂಚು ಹೊರುತ್ತಾನೆ. ಹಾಗಾಗಿ 2 ಅಡಿ ದಾಟಿಯೂ ಚೆನ್ನಾಗಿ ನಿಲ್ಲಬೇಕು. ಒಣಗಿದ್ದಾಗ, ಒದ್ದೆಯಾಗಿದ್ದಾಗ, ಧೂಳು ಉದುರಿಸಿದಾಗ, ಮೂರೂ ನೋಡಿ.

ಶಿಡ್ಲಘಟ್ಟ_ತೋಟದಮನೆ:
ಮಾಡಿದೆ. ಒಣಗಿದ್ದಾಗ ಹವಾಯಿ ಚಪ್ಪಲಿ 2 ಅಡಿ ದಾಟಿಯೂ ನಿಂತಿತ್ತು. ನೀರು ಚಿಮುಕಿಸಿದರೆ ಅಷ್ಟು ಎತ್ತುವ ಮೊದಲೇ ಜರ್ರನೆ ಇಳಿಯಿತು. ಧೂಳಿದ್ದಾಗಲೂ ಅದೇ ಕಥೆ. ಮೆತ್ತನೆ ರಬ್ಬರ್ ಅಡಿಯ ಕ್ಯಾನ್ವಾಸ್ ಶೂ ಒದ್ದೆಯಲ್ಲೂ ಪರವಾಗಿಲ್ಲ, ಆದರೆ ಧೂಳಲ್ಲಿ ಅದೂ ಜಾರಿತು.

ಕೋಲಾರ_ಕೈಕೆಲಸ:
ಹಾಗಾದರೆ ಶೀಟ್ ಬದಲಿಸಬೇಡಿ. ಇಬ್ಬನಿ ಪೂರ್ತಿ ಆರಿದ ಮೇಲೆ, ಧೂಳು ಗುಡಿಸಿ, ಶೂ ಹಾಕಿಕೊಂಡು ಹತ್ತಲಿ. ದುಡ್ಡನ್ನು ಐಎಸ್ 3521 ಗುರುತಿನ ಹಾರ್ನೆಸ್‌ಗೆ (ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ) ಹಾಕಿ. ಹಗ್ಗವನ್ನು ನೆತ್ತಿಯ ಟ್ರಸ್‌ಗೆ ಕಟ್ಟಿಸಿ, ಪ್ಲೈಗಲ್ಲ. ಆಂಟಿ ಸ್ಲಿಪ್ ಎಂದರೆ ಕಡಿಮೆ ಜಾರುತ್ತದೆ ಅಂತ ಅಷ್ಟೇ. ಬೀಳುವವನನ್ನು ಅದು ಹಿಡಿಯುವುದಿಲ್ಲ.

ತುಮಕೂರು_ಟ್ರಸ್‌ಕೆಲಸ:
ಇನ್ನೊಂದು. ಹೆಂಚು ಕೂರಿಸುವ ಅಡ್ಡ ಪಟ್ಟಿ, ಅಂದರೆ ರೀಪರನ್ನು, ನೇರ ಶೀಟ್ ಮೇಲೆ ಹೊಡೆಯಬೇಡಿ. ಮೊದಲು ನೆತ್ತಿಯಿಂದ ಸೂರಿಗೆ 1 ಇಂಚು ದಪ್ಪದ ಉದ್ದ ಪಟ್ಟಿಗಳನ್ನು ಟ್ರಸ್ ಇರುವ ಕಡೆಯೇ ಸ್ಕ್ರೂ ಮಾಡಿಸಿ, ಅದರ ಮೇಲೆ ಅಡ್ಡ ರೀಪರ್. ಇಲ್ಲದಿದ್ದರೆ ಹೆಂಚಿನ ಸಂದಿಯಲ್ಲಿ ಇಳಿದ ನೀರು ಒಂದೊಂದು ರೀಪರ್ ಹಿಂದೆಯೂ ಕಟ್ಟಿಕೊಂಡು ಮೊಳೆ ತೂತು ಹುಡುಕುತ್ತದೆ. ಉದ್ದ ಪಟ್ಟಿ ಶೀಟನ್ನೂ ಅದುಮಿ ಹಿಡಿಯುತ್ತದೆ. ರೀಪರ್ ಬಿದ್ದಷ್ಟು ಜಾಗದಲ್ಲಿ ಕಾಲಿಡಲು ಮೆಟ್ಟಿಲೂ ಸಿಗುತ್ತದೆ, ಆಮೇಲೆ ಶೀಟ್ ತುಳಿಯುವ ಕೆಲಸವೇ ಕಡಿಮೆ. ಹೆಂಚು ಬರುವುದು ತಡವಾ? ಶೀಟನ್ನು ಎಷ್ಟು ದಿನ ಬಿಸಿಲಿಗೆ ಬಿಡಬಹುದು ಅಂತ ಚೀಟಿಯಲ್ಲಿ ಇರುತ್ತದೆ. ಕೆಲವಕ್ಕೆ 60 ದಿನ, ಕೆಲವಕ್ಕೆ 180.

ಶಿಡ್ಲಘಟ್ಟ_ತೋಟದಮನೆ:
ತುಂಬಾ ಉಪಕಾರ ಆಯ್ತು. ಮೇಸ್ತ್ರಿಗೂ ಓದಿ ಹೇಳಿದೆ, ಉದ್ದ ಪಟ್ಟಿಗೆ ಗೊಣಗಿದರು, ಆಮೇಲೆ ಒಪ್ಪಿದರು. ಒಂದು ರೋಲ್ ಉಳಿಯುತ್ತದೆ. ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆಯ ಹೆಂಚು ತೆಗೆದು ಅದಕ್ಕೂ ಹಾಸಿಬಿಡಲಾ? ಮಳೆಗೆ ಅಲ್ಲಲ್ಲಿ ಸೋರುತ್ತದೆ.

ಕೋಲಾರ_ಕೈಕೆಲಸ:
ಬೇಡ. ಈ ಥರದ ಶೀಟುಗಳಲ್ಲಿ ಹೆಚ್ಚಿನವು ಆವಿಯನ್ನು ಹೊರಗೆ ಬಿಡುವುದಿಲ್ಲ. ಹುಳು ಮನೆಯಲ್ಲಿ ಸೊಪ್ಪಿನ ತೇವ, ಹುಳುವಿನ ಉಸಿರು, ಹಿಕ್ಕೆ, ಎಲ್ಲ ಸೇರಿ ಗಾಳಿ ಒದ್ದೆ ಇರುತ್ತದೆ. ಈಗ ಅದು ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿದೆ. ಅದನ್ನು ಮುಚ್ಚಿದರೆ ಚಳಿಗಾಲದ ರಾತ್ರಿ ಶೀಟಿನ ತಳದಲ್ಲಿ ನೀರು ಕಟ್ಟಿ ತಟ್ಟೆ ಮೇಲೆ ತೊಟ್ಟಿಕ್ಕುತ್ತದೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳುವಿಗೆ ಒಣ ಹಾಸಿಗೆ, ಗಾಳಿ ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಡೆದ ಹೆಂಚು ಬದಲಿಸಿ ಸಾಕು. ಉಳಿದ ರೋಲನ್ನು ನೆರಳಲ್ಲಿ ಎತ್ತಿಡಿ, ಪಂಪ್‌ಸೆಟ್ ಕೋಣೆಗೆ ಬರುತ್ತದೆ.